ಕತ್ತಲಲ್ಲಿ ಕಾಣೋ ದುರ್ಬೀನು: ಅದರ ಕಥೆ, ಅದರ ಜೋಪಾನ

ಈ ಸಲ ಉಪ್ಪಿನಕಾಯಿ ಜಾಡಿ, ರೇಷ್ಮೆ ಸೀರೆ ಜೋಪಾನದ ವಿಷಯ ಅಲ್ಲ. ಕತ್ತಲಲ್ಲಿ ನೋಡೋಕೆ ಅಂತ ಬರತ್ತಲ್ಲ ನೈಟ್ ವಿಷನ್ ಮಾನೋಕ್ಯುಲರ್, ಅಂದ್ರೆ ಅಂಗೈಯಲ್ಲಿ ಹಿಡಿಸೋ ಒಂಟಿಕಣ್ಣಿನ ದುರ್ಬೀನು, ಅದರ ವಿಷಯ. ನಮ್ಮನೇಲಿ ಎರಡಿದಾವೆ. ಒಂದು, ಹಡಗಿನ ಕೆಲಸದಲ್ಲಿದ್ದ ನಮ್ಮ ಭಾವನವರು ಎಷ್ಟೋ ವರ್ಷದ ಹಿಂದೆ ಯಾವುದೋ ಬಂದರಿನಲ್ಲಿ ಕೊಂಡಿದ್ದ ರಷ್ಯಾದ ಹಳೇ ಮಾದರಿ. ಇನ್ನೊಂದು ಮಗ ಇತ್ತೀಚೆಗೆ ತಗೊಂಡ ಡಿಜಿಟಲ್ಲು. ಎರಡರ ಡಬ್ಬಿಯಲ್ಲೂ ಒಂದೊಂದು ಚೀಟಿ ಇತ್ತು. ಹಗಲಲ್ಲಿ ಆನ್ ಮಾಡಬೇಡಿ, ಬಿಚ್ಚಬೇಡಿ, ಬ್ಯಾಟರಿ ತೆಗೆದಿಡಿ, ಒದ್ದೆ ಮಾಡಬೇಡಿ. ಬರೀ ಬೇಡ ಬೇಡ. ಯಾಕೆ ಅಂತ ಒಂದು ಸಾಲೂ ಇಲ್ಲ. ಯಾಕೆ ಅಂತ ಗೊತ್ತಿಲ್ಲದ ಮಡಿ ಮನೇಲಿ ಬಹಳ ದಿನ ನಡೆಯಲ್ಲ, ನಿಮಗೂ ಗೊತ್ತು. ಹುಡುಕ್ತಾ ಹೋದಾಗ ತಿಳೀತು, ಆ ಚೀಟಿಯ ಒಂದೊಂದು ಸಾಲಿನ ಹಿಂದೂ ಒಂದೊಂದು ಕಾಲದ ಕಥೆ ಇದೆ. ಅದನ್ನೇ ಇಲ್ಲಿ ಬರೀತಿದೀನಿ.

ಒಂದೇ ವರ್ಷ, ಎರಡು ಬೆಳಕು

ನಮ್ಮ ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರ ಆಗಸ್ಟ್ 5ಕ್ಕೆ, ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರ. ಶಿವನಸಮುದ್ರದಿಂದ ಮೊದಲು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು, ಮೂರು ವರ್ಷ ಆದ್ಮೇಲೆ ಊರಿಗೆ ಬಂತು. ಅವತ್ತಿಂದ ಬೆಂಗಳೂರಿನ ಕತ್ತಲು ಕರಗ್ತಾ ಬಂತು ಅನ್ನಬಹುದು.

ಅದೇ 1905ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಪೇಟೆಂಟ್ ಆಫೀಸಿನಲ್ಲಿ ಕೆಲಸಕ್ಕಿದ್ದ 26 ವರ್ಷದ ಐನ್‌ಸ್ಟೀನ್ ಒಂದು ಲೇಖನ ಬರೆದರು. ಬೆಳಕು ಕೆಲವು ವಸ್ತುಗಳ ಮೇಲೆ ಬಿದ್ರೆ ಅದರೊಳಗಿಂದ ಎಲೆಕ್ಟ್ರಾನುಗಳು ಚಿಮ್ಮಿ ಬರ್ತವೆ, ಯಾಕೆ ಅಂದ್ರೆ ಬೆಳಕು ಬಿಡಿಬಿಡಿ ಕಾಳಿನ ಹಾಗೆ ಬಂದು ಬಡಿಯತ್ತೆ ಅಂತ ಅದರಲ್ಲಿ ವಿವರಿಸಿದ್ರು. ನಾವು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ದ್ಯುತಿವಿದ್ಯುತ್ ಪರಿಣಾಮ ಇದೇ. ಅವರಿಗೆ 1921ರ ನೊಬೆಲ್ ಬಂದಿದ್ದೂ ಮುಖ್ಯವಾಗಿ ಇದಕ್ಕೇ, ಸಾಪೇಕ್ಷತೆಗಲ್ಲ. ಪರೀಕ್ಷೆಗೆ ಬರೆದಾಗ ಇದರಿಂದ ಮನೆಗೇನು ಉಪಯೋಗ ಅಂತ ಅನ್ನಿಸಿತ್ತು. ಕತ್ತಲಲ್ಲಿ ಕಾಣೋ ದುರ್ಬೀನಿನ ಜೀವ ಇರೋದೇ ಈ ಒಂದು ಮಾತಿನಲ್ಲಿ.

ಹಗಲಲ್ಲಿ ಮುಚ್ಚಳ ತೆಗೀಬೇಡಿ

1934ರಲ್ಲಿ ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಕಂಪನಿಯ ಹೋಲ್ಸ್ಟ್ ಮತ್ತೆ ಅವರ ಜೊತೆಯವರು ಗಾಜಿನ ಒಂದು ಕೊಳವೆ ಮಾಡಿದ್ರು. ಒಳಗೆ ಗಾಳಿ ಇಲ್ಲ, ಪೂರ್ತಿ ಖಾಲಿ. ಒಂದು ಕಡೆ ಸೀಸಿಯಂ ಸೇರಿಸಿದ ತೆಳು ಲೇಪ. ಎದುರು ಕಡೆ, ಎಲೆಕ್ಟ್ರಾನು ಬಡಿದರೆ ಹೊಳೆಯೋ ಪರದೆ. ಈ ಕಡೆ ಮಬ್ಬು ಬೆಳಕು ಬಿದ್ದಾಗ ಲೇಪದಿಂದ ಎಲೆಕ್ಟ್ರಾನು ಹಾರತ್ತೆ. ಮಧ್ಯೆ ಸಾವಿರಾರು ವೋಲ್ಟ್ ಕೊಟ್ಟು ಅದನ್ನ ಜೋರಾಗಿ ಎಳೆದು ಪರದೆಗೆ ಬಡಿಸ್ತಾರೆ. ಪರದೆ ಮೇಲೆ ಚಿತ್ರ ಮೂಡತ್ತೆ. ಹಳೇ ಟೀವಿಯ ಪಿಕ್ಚರ್ ಟ್ಯೂಬ್ ನೆನಪಿದೆಯಲ್ಲ, ಅದರ ಕಸಿನ್ ಅಂದುಕೊಳ್ಳಿ. ಇವತ್ತಿಗೂ ಟ್ಯೂಬ್ ಇರೋ ಯಾವುದೇ ದುರ್ಬೀನಿನ ಒಳಗೆ ನಡೆಯೋದು ಇದೇ ಕೆಲಸ.

ಈಗ ಚೀಟಿಯ ಮೊದಲ ಸಾಲಿಗೆ ಬನ್ನಿ. ಆ ಲೇಪ ನಕ್ಷತ್ರದ ಬೆಳಕಿಗೆ ಅಂತ ಮಾಡಿದ್ದು. ಆನ್ ಇರೋವಾಗ ಮಧ್ಯಾಹ್ನದ ಬಿಸಿಲು ಬಿದ್ರೆ ಎಲೆಕ್ಟ್ರಾನುಗಳು ಮಳೆ ಹಾಗೆ ಸುರಿದು ಲೇಪಾನೂ ಸವೆಯತ್ತೆ, ಪರದೆ ಮೇಲೆ ಸುಟ್ಟ ಕಲೆಯೂ ಉಳಿಯತ್ತೆ. ಹಾಲು ಉಕ್ಕಿ ಸ್ಟವ್ ಮೇಲೆ ಸೀದ ಕಲೆ ಉಜ್ಜಿದ್ರೆ ಹೋಗತ್ತೆ, ಇದು ಹೋಗಲ್ಲ. ಅದಕ್ಕೇ ಮುಂದಿನ ಲೆನ್ಸ್ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇಟ್ಟಿರ್ತಾರೆ. ಹಗಲಲ್ಲಿ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷೆ ಮಾಡಬೇಕಾದ್ರೆ ಮುಚ್ಚಳ ಹಾಕಿಕೊಂಡೇ, ರೂಮಿನ ಒಳಗೇ, ಒಂದು ನಿಮಿಷ ನೋಡಿ ಆಫ್ ಮಾಡಿ. ರಾತ್ರಿ ಹೊತ್ತೂ ಬಳ್ಳಾರಿ ರಸ್ತೆಯ ಹೆಡ್‌ಲೈಟು, ಬೀದಿ ಕಂಬದ ಎಲ್‌ಇಡಿ ಕಡೆ ತಿರುಗಿಸಿ ಹಿಡ್ಕೊಂಡು ನಿಲ್ಲಬೇಡಿ. ಡಿಜಿಟಲ್ ಆದ್ರೆ ಅದರಲ್ಲಿ ಕೊಳವೆ ಇಲ್ಲ, ಮೊಬೈಲ್ ಕ್ಯಾಮೆರಾದಲ್ಲಿರೋ ಥರದ ಸೆನ್ಸರ್ರು. ಸಾಮಾನ್ಯವಾಗಿ ಹಗಲಲ್ಲೂ ನಡೆಯತ್ತೆ. ಆದ್ರೆ ಸೂರ್ಯನ ಕಡೆ ಮಾತ್ರ ಯಾವುದನ್ನೂ ತಿರುಗಿಸಬಾರದು.

ಬಿಚ್ಚಬೇಡಿ ಅನ್ನೋದಕ್ಕೂ ಕಾರಣ ಇಲ್ಲೇ ಸಿಕ್ತು. ಒಂದೆರಡು ಪುಟ್ಟ ಸೆಲ್ಲಿನಿಂದ ಸಾವಿರಾರು ವೋಲ್ಟ್ ಮಾಡೋ ಸಣ್ಣ ಸರ್ಕ್ಯೂಟ್ ಒಳಗಿರತ್ತೆ. ಭಾವನವರದನ್ನ ಆನ್ ಮಾಡಿದಾಗ ಸೊಳ್ಳೆ ಗುಂಯ್‌ಗುಟ್ಟೋ ಹಾಗೆ ಸಣ್ಣ ಶಬ್ದ ಬರೋದು ಅದರದ್ದೇ, ಕೆಟ್ಟಿದೆ ಅಂತಲ್ಲ. ಆಫ್ ಮಾಡಿದ ಮೇಲೂ ಹಸಿರು ಹೊಳಪು ಸ್ವಲ್ಪ ಹೊತ್ತು ಇರತ್ತಲ್ಲ, ಒಳಗೆ ಇನ್ನೂ ಚಾರ್ಜ್ ಉಳಿದಿದೆ ಅಂತ ಅರ್ಥ. ಸ್ಕ್ರೂಡ್ರೈವರ್ ಹಿಡ್ಕೊಂಡು ಕೂರೋ ಗಂಡಸರು ಮನೇಲಿದ್ರೆ ಇದನ್ನ ಎರಡು ಸಲ ಓದಿ ಹೇಳಿ.

ಬೆನ್ನ ಮೇಲೆ ಬ್ಯಾಟರಿ

ಎರಡನೇ ಮಹಾಯುದ್ಧದಲ್ಲಿ ಈ ಕೊಳವೆ ಬಂದೂಕಿನ ಮೇಲೆ ಹೋಗಿ ಕೂತಿತು. ಜರ್ಮನಿಯವರು ಕೊನೆಕೊನೆಗೆ, 1945ರ ಸುಮಾರಿಗೆ, ವ್ಯಾಂಪೈರ್ ಅನ್ನೋ ಅಡ್ಡಹೆಸರಿನ ಒಂದು ಸಾಧನ ಮಾಡಿದ್ರು. ಬಂದೂಕಿನ ಮೇಲಿನ ಭಾಗ ಸುಮಾರು 2.25 ಕಿಲೋ. ಸೈನಿಕ ಬೆನ್ನ ಮೇಲೆ ಹೊರಬೇಕಾದ ಬ್ಯಾಟರಿ ಸುಮಾರು 13.5 ಕಿಲೋ. ನಮ್ಮ ಸಿಲಿಂಡರಿನಲ್ಲಿ ತುಂಬಿರೋ ಗ್ಯಾಸ್ 14.2 ಕಿಲೋ, ಹೆಚ್ಚುಕಮ್ಮಿ ಅಷ್ಟು ಭಾರ ಹೊತ್ತು ಕತ್ತಲಲ್ಲಿ ತೆವಳೋದು ಅಂದ್ರೆ ಯೋಚನೆ ಮಾಡಿ. ಅಮೆರಿಕದವರೂ ಇಂಥದ್ದನ್ನೇ ಅದೇ ವರ್ಷ ಜಪಾನಿನ ಓಕಿನಾವಾ ಯುದ್ಧದಲ್ಲಿ ಬಳಸಿದ್ರು.

ಅಷ್ಟೊಂದು ಬ್ಯಾಟರಿ ಯಾಕೆ? ಆಗಿನ ಕೊಳವೆಗೆ ಬರೀ ನಕ್ಷತ್ರದ ಬೆಳಕು ಸಾಲ್ತಿರಲಿಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಹಾಕಿ, ಅದರ ಬೆಳಕು ವಾಪಸ್ ಬಂದಿದ್ದನ್ನ ನೋಡಬೇಕಾಗಿತ್ತು. ಇದರಲ್ಲಿ ಒಂದು ಪೇಚಿತ್ತು. ಎದುರಾಳಿ ಹತ್ರಾನೂ ಅಂಥದ್ದೇ ಕೊಳವೆ ಇದ್ರೆ ನಿಮ್ಮ ದೀಪ ಅವನಿಗೆ ಪೆಟ್ರೋಮ್ಯಾಕ್ಸ್ ಹಚ್ಚಿಟ್ಟ ಹಾಗೆ ಕಾಣ್ತಿತ್ತು. ನಾನು ಅವನನ್ನ ನೋಡ್ತಿದೀನಿ ಅಂದ್ಕೊಂಡೋನು ತಾನೇ ಬೆಳಕಲ್ಲಿ ನಿಂತಿರ್ತಿದ್ದ.

ಮನೆಯ ಡಿಜಿಟಲ್ ದುರ್ಬೀನಿನಲ್ಲೂ ಆ ದೀಪ ಇದೆ, ಐಆರ್ ಅಂತ ಬರೆದ ಬಟನ್ನು. ಅದು ಹತ್ತಿದೆಯಾ ಅಂತ ಬರೀಗಣ್ಣಿಗೆ ಸರಿಯಾಗಿ ಗೊತ್ತಾಗಲ್ಲ. ಒಂದು ಸುಲಭ ಪರೀಕ್ಷೆ ಇದೆ. ಟೀವಿ ರಿಮೋಟಿನ ಮೂತಿಯನ್ನ ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ. ಎಷ್ಟೋ ಫೋನುಗಳಲ್ಲಿ ಒಂದು ಬಿಳಿ ಚುಕ್ಕೆ ಮಿನುಗೋದು ಕಾಣತ್ತೆ. ಅದೇ ಕಾಣದ ಬೆಳಕು. ದುರ್ಬೀನಿನ ದೀಪಾನೂ ಹೀಗೇ ನೋಡಬಹುದು. ಬ್ಯಾಟರಿ ಬೇಗ ತಿನ್ನೋದೂ ಈ ದೀಪವೇ, ಅದಕ್ಕೆ ಬೇಕಾದಾಗ ಮಾತ್ರ ಹಾಕಿ. ನಮ್ಮ ಸಹಕಾರನಗರದಲ್ಲಿ ಎಷ್ಟೋ ರಾತ್ರಿ ಅದು ಬೇಕಾಗೋದೇ ಇಲ್ಲ. ಮೋಡ ಕವಿದಿದ್ರೆ ಊರಿನ ದೀಪವೆಲ್ಲ ಮೋಡಕ್ಕೆ ಬಡಿದು ಕೆಳಗೆ ಬರತ್ತೆ, ಅಷ್ಟೇ ಧಾರಾಳ ಸಾಕು. ಕಿಟಕಿ ಗಾಜಿನ ಹಿಂದೆ ನಿಂತು ದೀಪ ಹಾಕಿದ್ರಂತೂ ಗಾಜಿಗೇ ಬಡಿದು ವಾಪಸ್ ಬಂದು ಬರೀ ಬೆಳ್ಳಗೆ ಕಾಣತ್ತೆ.

ದೀಪ ಇಲ್ಲದೆ ನೋಡಿದ್ದು

1960ರ ದಶಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಅಮೆರಿಕದವರು ದೀಪವೇ ಬೇಡದ ಸಾಧನ ತಂದ್ರು. ಉಪಾಯ ಸರಳ: ಒಂದು ಕೊಳವೆಯ ಪರದೆಗೆ ಇನ್ನೊಂದು ಕೊಳವೆ, ಅದಕ್ಕೆ ಮತ್ತೊಂದು, ಒಟ್ಟು ಮೂರು ಸಾಲಾಗಿ. ಮೊದಲನೆಯದು ಹೆಚ್ಚಿಸಿದ ಬೆಳಕನ್ನ ಎರಡನೆಯದು ಇನ್ನೂ ಹೆಚ್ಚಿಸೋದು. ಆದ್ರೆ ಒಂದರಿಂದ ಒಂದಕ್ಕೆ ಚಿತ್ರ ಕಲಸಿಹೋಗದೆ ದಾಟಬೇಕಲ್ಲ? ಅಲ್ಲಿ ಬಂದಿದ್ದು ಕೂದಲಿಗಿಂತ ಸಣ್ಣ ಗಾಜಿನ ಎಳೆಗಳನ್ನ ಒತ್ತೊತ್ತಾಗಿ ಕಟ್ಟಿ ಮಾಡಿದ ಫೈಬರ್ ಆಪ್ಟಿಕ್ ಬಿಲ್ಲೆ. ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಬಹುದು ಅಂತ 1954ರಲ್ಲಿ ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಜೊತೆ ಸೇರಿ ತೋರಿಸಿದೋರು ನಮ್ಮ ಪಂಜಾಬಿನ ಮೋಗಾದವರು, ನರಿಂದರ್ ಸಿಂಗ್ ಕಪಾನಿ. ಮನೆಗೆ ಬರೋ ಇಂಟರ್ನೆಟ್ ಕೇಬಲ್ಲಿನ ಹಿಂದೆ ಇರೋದೂ ಅವರ ಹೆಸರೇ.

ಇಷ್ಟಾದ್ರೂ ಆ ಸಾಧನ ಎರಡೂವರೆ ಕಿಲೋಗಿಂತ ಭಾರ. ಅಂಗೈಗೆ ಬಂದಿದ್ದು ಆಮೇಲಿನ ಪೀಳಿಗೆಯಲ್ಲಿ. ಶಾವಿಗೆ ಒರಳಿನ ಬಿಲ್ಲೆ ನೋಡಿದೀರಲ್ಲ, ತೂತು ತೂತು? ಅಂಥದ್ದೇ ಗಾಜಿನ ಬಿಲ್ಲೆ, ನಾಣ್ಯದಷ್ಟು ಅಗಲ, ಅರ್ಧ ಮಿಲಿಮೀಟರಿಗೂ ತೆಳು, ಅದರಲ್ಲಿ ಲಕ್ಷಗಟ್ಟಲೆ ತೂತು. ತೂತುಗಳು ನೆಟ್ಟಗಿರಲ್ಲ, ಸ್ವಲ್ಪ ಓರೆ. ಒಳಗೆ ನುಗ್ಗಿದ ಒಂದು ಎಲೆಕ್ಟ್ರಾನು ಗೋಡೆಗೆ ಬಡಿದು ಇನ್ನಷ್ಟನ್ನ ಎಬ್ಬಿಸತ್ತೆ, ಅವು ಮತ್ತೆ ಬಡಿದು ಮತ್ತಷ್ಟು, ಆಚೆ ಬರೋ ಹೊತ್ತಿಗೆ ಸಾವಿರಾರು. ಮೂರು ಕೊಳವೆ ಬದಲು ಒಂದು ಸಾಕಾಯ್ತು. ಇದಕ್ಕೆ ಎರಡನೇ ತಲೆಮಾರು ಅಂತಾರೆ. ಗ್ಯಾಲಿಯಂ ಆರ್ಸೆನೈಡ್ ಲೇಪ ಬಂದಿದ್ದು ಮೂರನೆಯದು. ಭಾವನವರದು ಮೊದಲನೇ ತಲೆಮಾರು, ಒಂದೇ ಕೊಳವೆ. ಮಧ್ಯದಲ್ಲಿ ಚಿತ್ರ ಚೆನ್ನಾಗಿದ್ದು ಅಂಚಿನಲ್ಲಿ ಬಗ್ಗಿದ ಹಾಗೆ ಕಾಣತ್ತೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿಯ ಕಾರ್ಖಾನೆಗಳ ಇಂಥ ದುರ್ಬೀನುಗಳು ಪ್ರಪಂಚದ ಮಾರುಕಟ್ಟೆಗೆಲ್ಲ ಅಗ್ಗವಾಗಿ ಬಂದ್ವು. ಹಾಗೆ ಯುದ್ಧದ ಸಾಮಾನು ನಮ್ಮಂಥೋರ ಬೀರು ಸೇರಿತು.

ಚಿತ್ರ ಹಸಿರಾಗಿರೋದು ಯಾಕೆ ಅಂತ ಮೊಮ್ಮಕ್ಕಳು ಕೇಳ್ತಾರೆ. ನಮ್ಮ ಕಣ್ಣಿಗೆ ಹಸಿರಿನಲ್ಲೇ ಬೆಳಕಿನ ಹೆಚ್ಚುಕಮ್ಮಿ ಚೆನ್ನಾಗಿ ಗುರುತು ಸಿಗೋದು, ಅದಕ್ಕೆ ಹಸಿರು ಹೊಳೆಯೋ ಪರದೆ ಹಾಕಿದ್ರು. ಸಣ್ಣ ಕಪ್ಪು ಚುಕ್ಕೆ ಒಂದೆರಡು ಕಂಡ್ರೆ ಹೆದರಬೇಡಿ, ಕೊಳವೆ ಮಾಡುವಾಗಲೇ ಉಳಿಯೋದು ಅದು.

ನಮ್ಮ ಜಾಲಹಳ್ಳಿಯ ಪಾಲು

ಬಿಇಎಲ್ ಸರ್ಕಲ್, ನ್ಯೂ ಬಿಇಎಲ್ ರೋಡ್ ಅಂತ ಆಟೋದವರಿಗೆ ದಿನಾ ಹೇಳ್ತೀವಿ. ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ ಶುರುವಾಗಿದ್ದು 1954ರಲ್ಲಿ, ಫ್ರಾನ್ಸಿನ ಕಂಪನಿಯೊಂದರ ನೆರವಿನಿಂದ. 1961ರಲ್ಲಿ ರೇಡಿಯೋ ವಾಲ್ವ್ ಮಾಡೋಕೆ ಶುರು ಮಾಡಿದ್ರು. ಆಮೇಲೆ ಕಪ್ಪುಬಿಳುಪು ಟೀವಿಯ ಪಿಕ್ಚರ್ ಟ್ಯೂಬು. ಓಟು ಹಾಕೋ ಮೆಷೀನೂ ಅವರದ್ದೇ. ವಾಲ್ವಾಗಲಿ, ಪಿಕ್ಚರ್ ಟ್ಯೂಬಾಗಲಿ, ರಾತ್ರಿ ಕಾಣೋ ಕೊಳವೆಯಾಗಲಿ ಒಂದೇ ಮನೆತನದ್ದು: ಗಾಜು, ಒಳಗೆ ಖಾಲಿ, ಅದರಲ್ಲಿ ಓಡೋ ಎಲೆಕ್ಟ್ರಾನು. ಹಾಗಾಗಿ ಈ ವಿದ್ಯೆ ಬಿಇಎಲ್‌ಗೆ ಹೊರಗಿನದಾಗಿರಲಿಲ್ಲ.

1983ರಲ್ಲಿ ಮಚಲೀಪಟ್ಟಣದ ಆಂಧ್ರ ಸೈಂಟಿಫಿಕ್ ಕಂಪನಿ ಬಿಇಎಲ್‌ಗೆ ಸೇರಿತು. ಲೆನ್ಸ್, ಸೂಕ್ಷ್ಮದರ್ಶಕದ ಕೆಲಸ ಗೊತ್ತಿದ್ದ ಹಳೇ ಕಂಪನಿ ಅದು. ಸೇನೆಗೆ ರಾತ್ರಿ ಕಾಣೋ ದುರ್ಬೀನು, ಕನ್ನಡಕ ತಯಾರಾಗೋದು ಅಲ್ಲಿ. ಒಳಗಿನ ಕೊಳವೆಗೆ ಅಂತಲೇ 1990ರಲ್ಲಿ ಪುಣೆಯಲ್ಲಿ ಬೇರೆ ಕಂಪನಿ ಆಯ್ತು, ಹಾಲೆಂಡಿನ ಡೆಲ್ಫ್ಟ್ ಕಂಪನಿ ಜೊತೆ. ಹಾಲೆಂಡಿನಲ್ಲಿ 1934ರಲ್ಲಿ ಹುಟ್ಟಿದ ಕೂಸು ಹಾಲೆಂಡಿನವರ ಕೈ ಹಿಡಿದೇ ನಮ್ಮ ದೇಶಕ್ಕೆ ಬಂತು ನೋಡಿ. ಯಲಹಂಕದ ಏರ್ ಶೋ 1996ರಲ್ಲಿ ಶುರುವಾಯ್ತಲ್ಲ, ಅಲ್ಲಿಯ ಮಳಿಗೆಗಳಲ್ಲಿ ಬಿಇಎಲ್ ಸಾಮಾನು ಇಟ್ಟಿರ್ತಾರೆ. ನಾವೆಲ್ಲ ತಲೆ ಎತ್ತಿ ವಿಮಾನ ನೋಡೋಕೆ ಹೋಗಿ, ಮಳಿಗೆ ಕಡೆ ತಿರುಗಿ ನೋಡದೇ ಬರ್ತೀವಿ.

ಇದರ ಬೆಲೆ ನಮ್ಮ ದೇಶಕ್ಕೆ ಎದೆಗೆ ತಟ್ಟಿದ್ದು 1999ರಲ್ಲಿ. ಕಾರ್ಗಿಲ್‌ನಲ್ಲಿ ವೈರಿ ಮೇಲೆ ಕೂತಿದ್ದ, ನಮ್ಮ ಹುಡುಗರು ಕೆಳಗಿಂದ ಹತ್ತಬೇಕಿತ್ತು. ಹಗಲಲ್ಲಿ ಹತ್ತಿದ್ರೆ ಒಂದೊಂದು ಹೆಜ್ಜೆಯೂ ಮೇಲಿನವರಿಗೆ ಕಾಣ್ತಿತ್ತು. ಅದಕ್ಕೇ ಹೆಚ್ಚಿನ ದಾಳಿ ರಾತ್ರಿ. ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್ ಕೈಗೆ ಬಂದಿದ್ದು ಕತ್ತಲಲ್ಲಿ ಬಂಡೆ ಹಿಡಿದು ಹತ್ತಿದೋರಿಂದ. ಆ ಸುದ್ದಿ ಕೇಳುವಾಗ ಅಲ್ಲಿ ಕತ್ತಲು ಅಂದ್ರೆ ಏನು ಅಂತ ನಮಗೆ ಯೋಚನೆ ಬಂದಿರಲಿಲ್ಲ.

ಮನೇಲಿ ಜೋಪಾನ

ಇನ್ನು ನಮ್ಮ ಕೆಲಸಕ್ಕೆ ಬರೋಣ. ಮೊದಲು ಫೋಕಸ್. ಎಷ್ಟೋ ಜನ ಮುಂದಿನ ಲೆನ್ಸ್ ತಿರುಗಿಸ್ತಾನೇ ಇರ್ತಾರೆ, ಕಾಣ್ಸಲ್ಲ ಅಂತಾರೆ. ಮೊದಲು ಕಣ್ಣಿನ ಕಡೆಯ ಉಂಗುರ ತಿರುಗಿಸಿ, ಪರದೆಯ ಕಾಳುಕಾಳು ಸ್ಪಷ್ಟ ಆಗೋವರೆಗೆ. ಅದು ನಿಮ್ಮ ಕಣ್ಣಿನ ಪವರಿಗೆ. ಆಮೇಲೆ ಮುಂದಿನದು, ಅದು ನೋಡೋ ವಸ್ತುವಿನ ದೂರಕ್ಕೆ. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದೋಕೆ 20ರಿಂದ 30 ನಿಮಿಷ ಬೇಕು, ಪರದೆ ನೋಡಿದ ಕಣ್ಣು ಅದನ್ನ ಕಳ್ಕೊಳ್ಳತ್ತೆ. ಅದಕ್ಕೆ ಒಂದೇ ಕಣ್ಣಲ್ಲಿ ನೋಡಿ, ಇನ್ನೊಂದನ್ನ ಕತ್ತಲಿಗೆ ಬಿಡಿ. ಒಂಟಿಕಣ್ಣಲ್ಲಿ ದೂರದ ಅಂದಾಜು ಸಿಗಲ್ಲ, ಹಾಗಾಗಿ ಕಣ್ಣಿಗೆ ಹಿಡಿದುಕೊಂಡು ತಾರಸಿ ಮೆಟ್ಟಿಲು ಇಳಿಯೋದು ಬೇಡ.

ಲೆನ್ಸಿಗೆ ಸೆರಗು ತಾಕಿಸಬೇಡಿ. ಜರಿ ಇರಲಿ, ಹತ್ತಿಯಲ್ಲಿರೋ ಧೂಳೇ ಗೀರು ಮಾಡತ್ತೆ. ಮೊದಲು ಗಾಳಿ ಊದೋ ರಬ್ಬರ್ ಬುಗ್ಗೆಯಿಂದ ಧೂಳು ಹಾರಿಸಿ, ಆಮೇಲೆ ಮೆತ್ತನೆ ಬ್ರಷ್ಷು, ಕೊನೆಗೆ ಕನ್ನಡಕದ ಬಟ್ಟೆ. ಆಯುಧಪೂಜೆಗೆ ಕುಂಕುಮ, ಗಂಧ ಇಡೋದಿದ್ರೆ ಡಬ್ಬಿಗೆ ಇಡಿ, ದುರ್ಬೀನಿಗಲ್ಲ. ದೇವರು ಬೇಜಾರು ಮಾಡಿಕೊಳ್ಳಲ್ಲ.

ಜೂನಿಂದ ಅಕ್ಟೋಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯತ್ತೆ, ಲೆನ್ಸಿಗೆ ಬಿಡತ್ತಾ? ಹೊಸ ಬ್ಯಾಗಿನ ಜೊತೆ ಬರೋ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಇಟ್ಕೊಂಡು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅದರ ಜೊತೆ ಇಡಿ. ಅಕ್ಕಿ ಡಬ್ಬಿ ಬೇಡ, ಹಿಟ್ಟಿನಂಥ ಧೂಳು ಸಂದಿಗೆ ಹೋಗತ್ತೆ. ಸೀರೆ ಮಧ್ಯೆ ನುಸಿಗುಳಿಗೆ ಜೊತೆಗೂ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೂ ಲೆನ್ಸಿಗೂ ಒಳ್ಳೇದಲ್ಲ. ಡಿಸೆಂಬರ್ ಮುಂಜಾನೆ ಜಕ್ಕೂರು ಕೆರೆ ಹತ್ರ ಚಳಿಯಲ್ಲಿ ನೋಡಿ ಬಂದ್ರೆ ಮನೆಯೊಳಗೆ ತಕ್ಷಣ ತೆಗೀಬೇಡಿ. ಫ್ರಿಜ್ಜಿಂದ ತೆಗೆದ ಬಾಟಲಿ ಬೆವರೋ ಹಾಗೆ ಬೆವರತ್ತೆ. ಅರ್ಧ ಗಂಟೆ ಚೀಲದಲ್ಲೇ ಇರಲಿ.

ಬ್ಯಾಟರಿ ತೆಗೆದಿಡಿ ಅನ್ನೋ ಸಾಲು ಎಲ್ಲಕ್ಕಿಂತ ಮುಖ್ಯ. ಸೆಲ್ ಒಳಗೇ ಬಿಟ್ರೆ ತಿಂಗಳುಗಟ್ಟಲೆ ಆದ್ಮೇಲೆ ಸೋರಿ, ಬೆಳ್ಳಗೆ ಉಪ್ಪಿನ ಹಾಗೆ ಕಟ್ಟಿ ಸ್ಪ್ರಿಂಗ್ ತಿಂದುಹಾಕತ್ತೆ. ಸೆಲ್ ಹಾಕೋವಾಗ ಕೂಡು ಕಳೆ ನೋಡಿ ಹಾಕಿ. ಚಾರ್ಜ್ ಮಾಡೋ ಮಾದರಿ ಆದ್ರೆ ಪೂರ್ತಿ ಖಾಲಿ ಮಾಡಿ ಇಡಬೇಡಿ, ಅರ್ಧ ಚಾರ್ಜ್ ಇಟ್ಟು ಎರಡು ಮೂರು ತಿಂಗಳಿಗೊಮ್ಮೆ ನೋಡ್ತಿರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ.

ಚೀಟಿಯಲ್ಲಿ ಇಲ್ಲದ ಸಾಲು

ಇಷ್ಟೂ ಚೀಟಿಯಲ್ಲಿರೋದು. ಇಲ್ಲದ್ದು ಒಂದಿದೆ. ನಮ್ಮ ಬೀದಿಯಲ್ಲಿ ಹುಡುಗೀರ ಪೀಜಿ ಇದೆ. ಮಗ ತಾರಸಿ ಮೇಲೆ ಜಿಕೆವಿಕೆ ಮರಗಳ ಕಡೆ ಬಾವಲಿ ನೋಡ್ತಿದ್ದ ವಾರ, ಅಲ್ಲಿಯ ಒಬ್ಬಳು ಗೇಟಿನ ಹತ್ರ ನಿಂತು, "ಆಂಟಿ, ಅದರಲ್ಲಿ ನಮ್ಮ ಬಾಲ್ಕನಿ ಕಾಣತ್ತಾ?" ಅಂತ ಕೇಳಿದಳು. ಕಾಣತ್ತಮ್ಮ ಅಂದೆ. ಕಾಣಲ್ಲ ಅಂತ ಸುಳ್ಳು ಹೇಳೋದು ಹೇಗೆ? ಒಳಗೆ ಕರೆದು ದುರ್ಬೀನು ಅವಳ ಕೈಗೇ ಕೊಟ್ಟೆ. ನೋಡಿದಳು, ಸುಮ್ಮನೆ ವಾಪಸ್ ಕೊಟ್ಟಳು. "ಥ್ಯಾಂಕ್ಸ್ ಆಂಟಿ" ಅಂದಳು, ಆದ್ರೆ ಮುಖದಲ್ಲಿ ಸಮಾಧಾನ ಇರಲಿಲ್ಲ. ನನಗೂ ಇರಲಿಲ್ಲ.

ಯಾಕಂದ್ರೆ ಈ ಸಾಧನ ಹುಟ್ಟಿದಾಗಿನಿಂದ ಮಾಡಿದ ಕೆಲಸವೇ ಅದು, ಕಾಣ್ತಿದೀನಿ ಅಂತ ಗೊತ್ತಿಲ್ಲದೋರನ್ನ ನೋಡೋದು. ಯುದ್ಧದಲ್ಲಿ ಅದಕ್ಕೆ ಒಂದು ಅರ್ಥ ಇತ್ತು. ಬೀದಿಯಲ್ಲಿ ಇಲ್ಲ. ಖಾಸಗಿಯಾಗಿರೋ ಹೆಣ್ಣುಮಗಳನ್ನ ಕದ್ದು ನೋಡೋದನ್ನ, ಫೋಟೋ ತೆಗೆಯೋದನ್ನ 2013ರ ತಿದ್ದುಪಡಿಯಲ್ಲಿ ಅಪರಾಧ ಅಂತ ಪ್ರತ್ಯೇಕವಾಗಿ ಸೇರಿಸಿದ್ರು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 77ನೇ ಕಲಮು. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಡಿಜಿಟಲ್ ದುರ್ಬೀನುಗಳಲ್ಲಿ ರೆಕಾರ್ಡಿಂಗೂ ಇರತ್ತೆ, ಮಕ್ಕಳ ಕೈಗೆ ಕೊಡೋ ಮುಂಚೆ ಇದನ್ನ ಬಾಯಿಬಿಟ್ಟು ಹೇಳಿ.

ಪ್ರಾಣಿಗಳಿಗೂ ಅದೇ ಮಾತು. ನಮ್ಮೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಮರಗಳಲ್ಲಿ ಇವತ್ತಿಗೂ ಕಾಡುಪಾಪಗಳಿದಾವೆ. ಅಂಗೈಯಷ್ಟು ಮೈ, ಮುಖದ ತುಂಬ ಕಣ್ಣು. ಅವುಗಳ ಮೇಲೆ ಬಿಳೀ ಟಾರ್ಚ್ ಬಿಟ್ರೆ ಕಣ್ಣು ಕುಕ್ಕಿ ಒದ್ದಾಡ್ತವೆ. ಅದಕ್ಕೇ ಅವನ್ನ ಲೆಕ್ಕ ಹಾಕೋರು ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು ಹೋಗ್ತಾರೆ. ಕತ್ತಲು ಅವುಗಳ ಮನೆ. ಒಬ್ಬರ ಮನೆಗೆ ಹೋದಾಗ ದೀಪ ಹಾಕಿ ಎಬ್ಬಿಸ್ತೀವಾ?

ನಮ್ಮನೆ ನಿಯಮ ಹೇಳ್ತೀನಿ, ನಿಮಗೆ ಬೇಕಿದ್ರೆ ತಗೊಳ್ಳಿ. ತಾರಸಿಯಲ್ಲಿ ಒಬ್ಬರೇ ನೋಡೋ ಹಾಗಿಲ್ಲ, ಜೊತೆಗೆ ಮನೆಯವರು ಯಾರಾದರೂ ಇರಬೇಕು. ಜಿಕೆವಿಕೆ ಕಡೆಯ ಮರ, ಇಲ್ಲಾ ಆಕಾಶ, ಎರಡೇ. ಮನೆ ಸಾಲಿನ ಕಡೆ ತಿರುಗೋ ಹಾಗಿದ್ರೆ ಮೊದಲು ಲೆನ್ಸಿಗೆ ಮುಚ್ಚಳ. ಪಕ್ಕದೋರು ಏನು ನೋಡ್ತಿದೀರಿ ಅಂದ್ರೆ ಕೈಗೆ ಕೊಟ್ಟು ತೋರಿಸಬೇಕು. ನೋಡಿ ಆದ್ಮೇಲೆ ಆಫ್ ಮಾಡಿ, ಮುಚ್ಚಳ ಹಾಕಿ, ಸೆಲ್ ತೆಗೆದು, ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿಟ್ಟು ಬೀರುವಿನ ಮೇಲಿನ ಖಾನೆಗೆ. ಬೀಗದ ಕೈ ನನ್ನ ಹತ್ರ.